ಐದಕ್ಕೇ ಹಗಲಾಗುವ ಊರಿನಲ್ಲಿ

ನಮ್ಮ ಮನೆಯಲ್ಲೊಂದು ಟೈಂಪೀಸ್ ಇದೆ. ತಲೆಯ ಮೇಲೆ ಎರಡು ಗಂಟೆ, ನಡುವೆ ಪುಟ್ಟ ಸುತ್ತಿಗೆ, ಕತ್ತಲಲ್ಲಿ ಹಸಿರಾಗಿ ಹೊಳೆಯುವ ಮುಳ್ಳುಗಳು. ನಾನು ಬಿ.ಎಸ್‌ಸಿ. ಓದುವಾಗ ಅಪ್ಪ ಹುಬ್ಬಳ್ಳಿಯಿಂದ ತಂದುಕೊಟ್ಟದ್ದು. ಸ್ಟೀಲ್ ತಟ್ಟೆಯನ್ನು ಕವುಚಿ ಹಾಕಿ, ಅದರ ಮೇಲೆ ನಾಲ್ಕಾರು ನಾಣ್ಯಗಳನ್ನೂ ಈ ಟೈಂಪೀಸನ್ನೂ ಇಟ್ಟರೆ, ಅಲಾರಂ ಹೊಡೆದಾಗ ಏಳುವ ಗದ್ದಲಕ್ಕೆ ನಮ್ಮ ಮನೆಯವರಷ್ಟೇ ಅಲ್ಲ, ಪಕ್ಕದ ಮನೆಯ ನಾಯಿಯೂ ಎದ್ದು ಬೊಗಳುತ್ತಿತ್ತು. ಏಳದೇ ಇರುತ್ತಿದ್ದವನು ಒಬ್ಬನೇ. ನನ್ನ ಮಗ.

2021-22ನೇ ಸಾಲಿನಲ್ಲಿ ಅವನು ಹತ್ತನೇ ತರಗತಿ. ಎಸ್ಸೆಸ್ಸೆಲ್ಸಿ ಮಕ್ಕಳಿರುವ ಮನೆಗಳಲ್ಲಿ ಬೆಳಗಿನ ಜಾವ ಏನು ನಡೆಯುತ್ತದೆಂಬುದನ್ನು ಈ ಅಂಕಣಗಳ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. ನಮ್ಮಲ್ಲಿ ನಾಲ್ಕು ಹಂತದ ವ್ಯವಸ್ಥೆಯಿತ್ತು. ನಾಲ್ಕು ಗಂಟೆಗೆ ಟೈಂಪೀಸು. ಐದು ನಿಮಿಷ ಬಿಟ್ಟು ಮೊಬೈಲು. ಅದನ್ನು ಕೋಣೆಯ ಆಚೆ ಬದಿಯ ಕಪಾಟಿನ ಮೇಲೆ ಇಟ್ಟಿದ್ದರೂ ಹುಡುಗ ನಿದ್ದೆಗಣ್ಣಲ್ಲೇ ನಡೆದುಹೋಗಿ, ಅದರ ಬಾಯಿ ಮುಚ್ಚಿಸಿ, ಬಂದು ಮಲಗುತ್ತಿದ್ದ. ಆಮೇಲೆ ಕೇಳಿದರೆ ಅವನಿಗೆ ನೆನಪೇ ಇರುತ್ತಿರಲಿಲ್ಲ. ಮೂರನೆಯದು ಅವನ ಅಮ್ಮ: “ಏಳು ಮಗಾ, ಚಾ ಆರಿ ಹೋಗ್ತು.” ನಾಲ್ಕನೆಯದು ನಾನು. ನನ್ನ ಕೈಯಲ್ಲಿ ತಣ್ಣೀರಿನ ತಂಬಿಗೆ ಇರುತ್ತಿತ್ತು.

ನಾನು ವಿಜ್ಞಾನದ ಮಾಸ್ತರ. ಶಾಲೆಯ ಪ್ರಾರ್ಥನೆಯ ಹೊತ್ತಿಗೆ ‘ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕು, ನಾಲ್ಕಕ್ಕೆ ಎದ್ದು ಓದಿದ್ದು ಕಲ್ಲಿನ ಮೇಲಿನ ಗೆರೆ’ ಎಂದು ಇಪ್ಪತ್ತೈದು ವರ್ಷ ಭಾಷಣ ಮಾಡಿದವನು. ನನ್ನ ಮಗನೇ ಆರೂವರೆಗೆ ಮಲಗಿದ್ದರೆ ಊರವರು ಏನೆಂದಾರು? ಹೀಗೆ ಆ ಚಳಿಗಾಲ ಪೂರ್ತಿ ತಂಬಿಗೆಯೊಂದಿಗೆ ಕಳೆಯಿತು. ಹುಡುಗ ಮುಖ ಒರೆಸಿಕೊಂಡು, ಪುಸ್ತಕ ಬಿಡಿಸಿಕೊಂಡು ಕೂರುತ್ತಿದ್ದ. ಪುಟ ಮಾತ್ರ ಮಗುಚುತ್ತಿರಲಿಲ್ಲ.

ಫೆಬ್ರವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ವಿಜ್ಞಾನದ ದಿನ, ಅಂದರೆ ನನ್ನದೇ ವಿಷಯದ ದಿನ, ಕೋಣೆಯ ಮೇಲ್ವಿಚಾರಣೆಗಿದ್ದ ಸಹೋದ್ಯೋಗಿಯೊಬ್ಬರು ಸಂಜೆ ನನ್ನನ್ನು ಬದಿಗೆ ಕರೆದರು. “ಹುಡುಗನಿಗೆ ಹುಷಾರಿಲ್ವಾ ಸರ್? ಎರಡನೇ ತಾಸಿನಲ್ಲಿ ಬೆಂಚಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟಿದ್ದ. ಎಬ್ಬಿಸಿದೆ. ಮತ್ತೆ ಮಲಗಿದ.” ಉತ್ತರಪತ್ರಿಕೆ ತೆಗೆದು ನೋಡಿದೆ. ಮೊದಲ ಎರಡು ಪುಟ ದುಂಡಗಿನ ಅಕ್ಷರ. ಮೂರನೇ ಪುಟದಲ್ಲಿ ಲೆನ್ಸಿನ ಚಿತ್ರಕ್ಕೆಂದು ಎಳೆದ ಗೆರೆ ಹಾಳೆಯ ಅಂಚಿನವರೆಗೆ ಜಾರಿಹೋಗಿತ್ತು. ಅಲ್ಲಿಂದ ಮುಂದೆ ಖಾಲಿ.

ಅವತ್ತು ರಾತ್ರಿ ನನ್ನ ಹೆಂಡತಿ ತಂಬಿಗೆಯನ್ನು ಒಳಗಿಟ್ಟಳು. ಅಲಾರಂ ಇಡುವುದನ್ನು ನಾನೂ ಬಿಟ್ಟೆ. ಅರ್ಥವಾಗಿ ಬಿಟ್ಟದ್ದಲ್ಲ, ಹೆದರಿ ಬಿಟ್ಟದ್ದು. ದೊಡ್ಡ ಪರೀಕ್ಷೆಯಲ್ಲಿ ಹುಡುಗ ಪಾಸಾದ. ಅಂಕ ಬಹಳ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಆದರೆ ನಮ್ಮಿಬ್ಬರ ನಡುವೆ ಮಾತು ಕಡಿಮೆಯಾಗಿತ್ತು. ‘ಊಟ ಆಯ್ತಾ’, ‘ಹೂಂ’ ಅಷ್ಟೇ.

ಆ ಹೊತ್ತಿಗೆ ಅಸ್ಸಾಮಿನಿಂದ ಒಂದು ಫೋನು ಬಂತು. ಜೋರ್ಹಾಟ್ ಬಳಿಯ ಚಹಾ ತೋಟವೊಂದರಲ್ಲಿ ಸಹಾಯಕ ಮ್ಯಾನೇಜರ್ ಆಗಿರುವ ನನ್ನ ಹಳೆಯ ವಿದ್ಯಾರ್ಥಿಯದು. “ಸರ್, ದಸರಾ ರಜೆಗೆ ಬನ್ನಿ. ಭೂಗೋಳದ ಪಾಠ ಮಾಡ್ತಾ ನೀವೇ ಹೇಳ್ತಿದ್ರಿ, ಪೂರ್ವದವರಿಗೆ ಸೂರ್ಯ ಮೊದಲು ಕಾಣ್ತಾನೆ ಅಂತ. ಒಮ್ಮೆ ಬಂದು ನೋಡಿ.” ಹೆಂಡತಿ, ಮಗ, ನಾನು, ಮೂವರೂ 2022ರ ಅಕ್ಟೋಬರ್ ಮೊದಲ ವಾರ ಹೊರಟೆವು. ಕುಮಟಾದಿಂದ ಬೆಂಗಳೂರಿಗೆ ರಾತ್ರಿ ಬಸ್ಸು. ಅಲ್ಲಿಂದ ಗುವಾಹಟಿಗೆ ಎರಡು ದಿನಕ್ಕೂ ಮಿಕ್ಕಿದ ರೈಲು ಪ್ರಯಾಣ.

ರೈಲಿನಲ್ಲಿ ಮೇಲಿನ ಬರ್ತ್ ಹಿಡಿದ ಮಗ ಊಟ ತಿಂಡಿಗೆ ಮಾತ್ರ ಇಳಿದು ಬರುತ್ತಿದ್ದ. ನನಗೆ ಬೇರೆ ಕೆಲಸವಿಲ್ಲ. ಕಿಟಕಿಯ ಪಕ್ಕ ಕುಳಿತು ಸೂರ್ಯ ಹುಟ್ಟುವ ಹೊತ್ತನ್ನು ಡೈರಿಯಲ್ಲಿ ಬರೆದುಕೊಳ್ಳತೊಡಗಿದೆ. ಊರು ಬಿಡುವ ವಾರದಲ್ಲಿ ಕುಮಟಾದ ಸೂರ್ಯೋದಯ ಆರು ಗಂಟೆ ಇಪ್ಪತ್ತಮೂರು ನಿಮಿಷಕ್ಕೆ. ಮೊದಲ ಬೆಳಗು ಆಂಧ್ರದ ಬಯಲಿನಲ್ಲಿ, ಆರು ಗಂಟೆಯ ಆಸುಪಾಸು. ಎರಡನೆಯದು ಬಂಗಾಳದಲ್ಲಿ, ಭತ್ತದ ಗದ್ದೆಗಳ ಮೇಲೆ, ಐದೂವರೆಗೆ. ಮೂರನೆಯ ದಿನ ಗುವಾಹಟಿಯಲ್ಲಿ ಐದೂಕಾಲಿಗೇ ಬಿಸಿಲು ಬಿದ್ದಿತ್ತು. ಕೈಗಡಿಯಾರ ಮುಟ್ಟಿಲ್ಲ, ದೇಶ ದಾಟಿಲ್ಲ. ಸೂರ್ಯನೇ ದಿನಕ್ಕೊಂದಿಷ್ಟು ಮುಂದಕ್ಕೆ ಬಂದಿದ್ದ.

ಮಕ್ಕಳಿಗೆ ಗೊತ್ತಿರುವ ಲೆಕ್ಕವೇ ಇದು. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ಸುತ್ತುತ್ತದೆ. ಅಂದರೆ ಒಂದು ಡಿಗ್ರಿಗೆ 4 ನಿಮಿಷ. ಭಾರತದ ಗಡಿಯಾರವೆಲ್ಲ ಓಡುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾಯುವ ಈ ರೇಖೆಯನ್ನು ನಮ್ಮ ರೈಲು ಮೊದಲ ದಿನವೇ ಆಂಧ್ರದ ಅನ್ನವರಂ, ತುನಿ ನಿಲ್ದಾಣಗಳ ಹತ್ತಿರ ದಾಟಿತು. “ನೋಡೋ, ಇಲ್ಲಿಯೇ ನಮ್ಮ ದೇಶದ ಹೊತ್ತು ಹುಟ್ಟೋದು” ಎಂದು ಮೇಲಿನ ಬರ್ತಿಗೆ ಕೂಗಿದೆ. “ಹೂಂ” ಎಂದು ಹೊದಿಕೆಯೊಳಗಿನಿಂದ ಉತ್ತರ ಬಂತು. ಎದುರಿಗಿದ್ದ ಒಡಿಶಾದ ಮುದುಕರೊಬ್ಬರು ಮಾತ್ರ ಕುತೂಹಲದಿಂದ ಹೊರಗೆ ಇಣುಕಿದರು. ಅಲ್ಲಿ ಒಂದು ಎಮ್ಮೆ ನಿಂತಿತ್ತು.

ಇಡೀ ದೇಶಕ್ಕೆ ಒಂದೇ ಹೊತ್ತು ಎಂಬುದು ಬಹಳ ಹಳೆಯ ಮಾತಲ್ಲ. 1906ರ ಜನವರಿ 1ಕ್ಕೆ ಅದು ಜಾರಿಗೆ ಬಂತು. ಅದಕ್ಕೂ ಮೊದಲು ರೈಲ್ವೆಯವರು ಮದರಾಸಿನ ಹೊತ್ತನ್ನು ಬಳಸುತ್ತಿದ್ದರು. ಕಲ್ಕತ್ತೆ 1948ರವರೆಗೆ, ಮುಂಬಯಿ 1955ರವರೆಗೆ ತಮ್ಮ ಸ್ವಂತ ಹೊತ್ತನ್ನು ಬಿಟ್ಟುಕೊಡಲಿಲ್ಲ. ಕುಮಟಾ ಇರುವುದು 74.4 ಡಿಗ್ರಿಯಲ್ಲಿ. ಮಿರ್ಜಾಪುರಕ್ಕಿಂತ ಎಂಟು ಡಿಗ್ರಿ ಪಶ್ಚಿಮಕ್ಕೆ, ಅಂದರೆ ಸೂರ್ಯ ಸರಾಸರಿ 32 ನಿಮಿಷ ತಡ. ಜೋರ್ಹಾಟ್ 94.2 ಡಿಗ್ರಿಯಲ್ಲಿ. ಅಲ್ಲಿ ಸೂರ್ಯ 47 ನಿಮಿಷ ಮುಂದು. ಎರಡೂ ಊರಿನ ಗಡಿಯಾರಗಳು ಒಂದೇ ಹೊತ್ತು ತೋರಿಸುತ್ತವೆ, ಆಕಾಶ ಮಾತ್ರ ಒಂದು ಗಂಟೆ ಇಪ್ಪತ್ತು ನಿಮಿಷದಷ್ಟು ಬೇರೆ.

ಗುವಾಹಟಿಯಿಂದ ಜೋರ್ಹಾಟಿಗೆ ಸುಮಾರು 300 ಕಿಲೋಮೀಟರ್. ಕಾಜಿರಂಗದ ಅಂಚಿನಲ್ಲೇ ಹೆದ್ದಾರಿ ಹೋಗುತ್ತದೆ. ಬಸ್ಸಿನ ಎಡಕ್ಕೆ ಹುಲ್ಲುಗಾವಲು, ನೀರಿನ ಹೊಂಡ, ದೂರದಲ್ಲೊಂದು ಬೂದುಬಣ್ಣದ ಗುಡ್ಡೆ. ಗುಡ್ಡೆ ತಲೆಯೆತ್ತಿದಾಗ ಅದು ಘೇಂಡಾಮೃಗವೆಂದು ತಿಳಿದು ಬಸ್ಸಿನವರೆಲ್ಲ ಎಡಕ್ಕೆ ವಾಲಿದರು. ತೋಟ ತಲುಪುವಾಗ ಸಂಜೆ ಐದೂವರೆ. ನಮ್ಮೂರಲ್ಲಾದರೆ ಹುಡುಗರು ಕ್ರಿಕೆಟ್ ಆಡುವ ಹೊತ್ತು. ಅಲ್ಲಿ ಗಾಢ ಕತ್ತಲು, ಮಿಣುಕುಹುಳ, ಜೀರುಂಡೆ. ಮಗ ಬಸ್ಸಿನಿಂದ ಇಳಿದವನು ನಾಲ್ಕೂ ಕಡೆ ನೋಡಿ, “ಅಪ್ಪಾ, ಇಷ್ಟು ಬೇಗ ರಾತ್ರಿಯಾ?” ಎಂದ. ಆ ಪ್ರಯಾಣದಲ್ಲಿ ಅವನಾಗಿಯೇ ಆಡಿದ ಮೊದಲ ಮಾತು ಅದು.

“ನಾಳೆ ಬೆಳಿಗ್ಗೆ ಆರಕ್ಕೆ ಚಾ ಸರ್” ಎಂದು ನಮ್ಮ ಹುಡುಗ (ನಲವತ್ತು ದಾಟಿದವನು, ನನಗೆ ಹುಡುಗನೇ) ಹೇಳಿ ಹೋದ. ನಾನು ಐದೂಮುಕ್ಕಾಲಿಗೆ ಎದ್ದು, ಮುಖ ತೊಳೆದು, ಶಿಸ್ತಿನಿಂದ ವೆರಾಂಡಕ್ಕೆ ಬಂದರೆ ಬಿಸಿಲು ಮೊಣಕಾಲೆತ್ತರ ಏರಿದೆ. ಮೇಜಿನ ಮೇಲೆ ಚಹಾದ ಕೆಟಲು ತಣ್ಣಗಾಗಿದೆ. ಹುಡುಗ ತೋಟಕ್ಕೆ ಹೋಗಿ ಆಗಿದೆ. ಅಡಿಗೆಯವನು ಗೋಡೆಯ ಮೇಲಿನ ಗಡಿಯಾರ ತೋರಿಸಿದ. ಆರು ಮುಕ್ಕಾಲು! ನನ್ನ ಕೈಗಡಿಯಾರ ನಿಂತಿದೆಯೆಂದು ಕಿವಿಗೆ ಹಿಡಿದು ನೋಡಿದೆ. ಇಪ್ಪತ್ತೈದು ವರ್ಷ ತಡವಾಗಿ ಬಂದ ಮಕ್ಕಳನ್ನು ಪ್ರಾರ್ಥನೆಯ ಸಾಲಿನಿಂದ ಹೊರಗೆ ನಿಲ್ಲಿಸಿದ ಮಾಸ್ತರ, ಶಿಷ್ಯನ ಮನೆಯಲ್ಲಿ ಮೊದಲ ದಿನವೇ ಮುಕ್ಕಾಲು ಗಂಟೆ ತಡ.

ಅದು ‘ಬಗಾನ್ ಟೈಂ’. ಬಗಾನ್ ಎಂದರೆ ತೋಟ. ಬ್ರಿಟಿಷರ ಕಾಲದಿಂದಲೂ ಅಸ್ಸಾಮಿನ ಚಹಾ ತೋಟಗಳು ತಮ್ಮ ಗಡಿಯಾರವನ್ನು ದೇಶದ ಹೊತ್ತಿಗಿಂತ ಒಂದು ಗಂಟೆ ಮುಂದಕ್ಕೆ ಇಟ್ಟುಕೊಂಡಿವೆ. ತೋಟದ ಎಂಟು ಎಂದರೆ ನಮ್ಮ ಏಳು. ಬೆಳಕಿರುವಾಗಲೇ ಕೆಲಸ ಮುಗಿಯಲಿ ಎಂಬ ಯಜಮಾನರ ಲೆಕ್ಕವದು. ಆದರೆ ಸೂರ್ಯನಿಗೂ ಅದೇ ಒಪ್ಪಿಗೆ. ಕಚೇರಿಯ ಬಾಗಿಲಲ್ಲಿ ಕಾವಲುಗಾರ ತೂಗುಹಾಕಿದ ರೈಲು ಕಂಬಿಯ ತುಂಡನ್ನು ಬಡಿಯುತ್ತಾನೆ. ಆ ಸದ್ದು ಸಾಲುಮನೆಗಳವರೆಗೆ ಕೇಳುತ್ತದೆ. ಬೆನ್ನಿಗೆ ಬುಟ್ಟಿ ತೂಗುಬಿಟ್ಟ ಹೆಂಗಸರು ಆಗಲೇ ಅರ್ಧ ದಾರಿಯಲ್ಲಿರುತ್ತಾರೆ. ಅವರಲ್ಲಿ ಬಹುಮಂದಿಯ ಹಿರಿಯರು ಛೋಟಾನಾಗಪುರದ ಕಡೆಯಿಂದ ಕೂಲಿಗೆಂದು ಬಂದವರು, ಅಥವಾ ತರಲ್ಪಟ್ಟವರು. “ನೀವು ಏಳೋದಕ್ಕೆ ಅಲಾರಂ ಇಡ್ತೀರಾ ಕೇಳು” ಎಂದು ನನ್ನ ಹೆಂಡತಿ ಶಿಷ್ಯನ ಮೂಲಕ ಒಬ್ಬಾಕೆಯನ್ನು ಕೇಳಿಸಿದಳು. ಆಕೆ ನಕ್ಕು ಏನೋ ಹೇಳಿದಳು. “ನೀರಿನ ನಲ್ಲಿಗೆ ಸಾಲು ನಿಲ್ಲಬೇಕು, ಅದೇ ಎಬ್ಬಿಸುತ್ತೆ ಅಂತಾಳೆ” ಎಂದ ಶಿಷ್ಯ. ನನ್ನ ಹೆಂಡತಿಗೆ ಆ ಉತ್ತರ ಚೆನ್ನಾಗಿ ಅರ್ಥವಾಯಿತು.

ಇನ್ನು ನನ್ನ ಮಗನ ಸುದ್ದಿ. ಊರಲ್ಲಿ ರಜೆ ಬಂದರೆ ಎಂಟಕ್ಕೆ ಮುಂಚೆ ಏಳದವನು. ತೋಟದಲ್ಲಿ ಮೊದಲ ದಿನ ಎದ್ದದ್ದು ಏಳೂಕಾಲಿಗೆ. ಎರಡನೇ ದಿನ ಆರೂವರೆ. ಮೂರನೇ ದಿನ ಆರಕ್ಕೆ ಮುಂಚೆ. ಯಾರೂ ಎಬ್ಬಿಸಲಿಲ್ಲ. ಎಬ್ಬಿಸಕೂಡದೆಂದು ಅವನಮ್ಮ ನನ್ನಿಂದ ಮಾತು ತೆಗೆದುಕೊಂಡಿದ್ದಳು.

ನಾನು ಇದನ್ನು ಪ್ರಯೋಗದಂತೆ ನೋಡತೊಡಗಿದೆ. ನಮ್ಮ ಮಿದುಳಿನಲ್ಲಿ, ಎರಡೂ ಕಣ್ಣಿನ ನರಗಳು ಒಂದನ್ನೊಂದು ಹಾಯುವ ಜಾಗದ ಮೇಲೆ, ಅಕ್ಕಿಕಾಳಿಗಿಂತ ಸಣ್ಣದಾದ ಎರಡು ನರಕೋಶದ ಗೊಂಚಲುಗಳಿವೆ. ದೇಹದ ಗಡಿಯಾರ ಅದು. ಬಹುಮಂದಿಯಲ್ಲಿ ಅದರ ಒಂದು ಸುತ್ತು 24 ಗಂಟೆಗಿಂತ ತುಸು ಉದ್ದ. ಹಾಗಾಗಿ ದಿನವೂ ಅದನ್ನು ಸರಿಪಡಿಸಬೇಕು. ಸರಿಪಡಿಸುವುದು ಕಣ್ಣಿಗೆ ಬೀಳುವ ಬೆಳಕು. ಬೆಳಗಿನ ಬೆಳಕು ಗಡಿಯಾರವನ್ನು ಮುಂದಕ್ಕೆ ತಳ್ಳುತ್ತದೆ, ಅಂದರೆ ಮಾರನೆಯ ದಿನ ನಿದ್ದೆಯೂ ಎಚ್ಚರವೂ ಬೇಗ ಬರುತ್ತವೆ. ರಾತ್ರಿಯ ಬೆಳಕು ಹಿಂದಕ್ಕೆ ಎಳೆಯುತ್ತದೆ. ಹಣ್ಣಿನ ನೊಣಗಳಲ್ಲಿ ಈ ಗಡಿಯಾರದ ಹಲ್ಲು ಚಕ್ರಗಳನ್ನು ಕಂಡುಹಿಡಿದ ಹಾಲ್, ರಾಸ್‌ಬಾಶ್, ಯಂಗ್ ಎಂಬ ಮೂವರಿಗೆ 2017ರ ನೊಬೆಲ್ ಬಂತು.

ತೋಟದ ಕಾಲುದಾರಿಗಳ ಅಂಚಿನಲ್ಲಿ ನಾಚಿಕೆಮುಳ್ಳು ಹಬ್ಬಿತ್ತು. ಸಂಜೆ ನಾಲ್ಕೂವರೆಗೆಲ್ಲ ಅದು ಎಲೆ ಮುಚ್ಚತೊಡಗಿದ್ದನ್ನು ಮಗನಿಗೆ ತೋರಿಸಿದೆ. 1729ರಲ್ಲಿ ಫ್ರಾನ್ಸಿನ ದ ಮೆರಾನ್ ಎಂಬಾತ ಇಂಥದೇ ಗಿಡವನ್ನು ಕತ್ತಲೆಯಲ್ಲಿ ಮುಚ್ಚಿಟ್ಟು ನೋಡಿದ್ದ. ಬಿಸಿಲು ಕಾಣದಿದ್ದರೂ ಹಗಲಿನ ಹೊತ್ತಿಗೆ ಎಲೆ ಬಿಚ್ಚಿ, ರಾತ್ರಿಯ ಹೊತ್ತಿಗೆ ಮುಚ್ಚುತ್ತಿತ್ತಂತೆ. “ಅದಕ್ಕೆ ಯಾರು ತಣ್ಣೀರು ಹಾಕಿದ್ದರು ಅಪ್ಪಾ?” ಎಂದ ಮಗ. ಮುಖ ಗಂಭೀರವಾಗಿಯೇ ಇತ್ತು. ನನಗೆ ಮಾತ್ರ ಮಾತು ಮುಂದುವರಿಸಲಾಗಲಿಲ್ಲ.

ಆದರೆ ಬೆಳಗಿನ ಬಿಸಿಲೊಂದೇ ಕಾರಣವೆಂದು ನಾನು ಹೇಳಲಾರೆ. ಸಂಜೆ ಐದಕ್ಕೆ ಕತ್ತಲು. ಏಳಕ್ಕೆ ಊಟ. ಬಂಗಲೆಯ ಕೋಣೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಹಗಲೆಲ್ಲ ನಡೆದು ಕಾಲು ಸೋತಿರುತ್ತಿತ್ತು. ಒಂದೇ ಪ್ರಯೋಗದಲ್ಲಿ ನಾಲ್ಕು ಅಂಶ ಬದಲಾಯಿಸಿದರೆ ಫಲಿತಾಂಶ ಯಾವುದರಿಂದ ಬಂತೆಂದು ತಿಳಿಯದು ಎಂದು ಒಂಬತ್ತನೇ ತರಗತಿಗೆ ಪಾಠ ಮಾಡುವವನೇ ನಾನು. ಕಣ್ಣಿಗೆ ಕಂಡದ್ದು ಇಷ್ಟು: ಒಂಬತ್ತಕ್ಕೆ ಹುಡುಗ ಆಕಳಿಸುತ್ತಿದ್ದ. ಊರಲ್ಲಿ ಹನ್ನೊಂದೂವರೆಯಾದರೂ ಅವನ ಕಣ್ಣು ಗೂಬೆಯಂತೆ ಅರಳಿರುತ್ತಿತ್ತು. ನಾವು ಇಷ್ಟು ದಿನ ಬೆಳಿಗ್ಗೆಯ ಜೊತೆ ಕುಸ್ತಿ ಮಾಡುತ್ತಿದ್ದೆವು. ತಂಟೆಯಿದ್ದದ್ದು ರಾತ್ರಿಯಲ್ಲಿ.

ಅದು ಅವನೊಬ್ಬನ ಹಟವೂ ಅಲ್ಲ. ಹರೆಯ ಬಂದಾಗ ದೇಹದ ಗಡಿಯಾರವೇ ತಡವಾಗುತ್ತದೆ, ನಿದ್ದೆ ಬರಿಸುವ ಮೆಲಟೋನಿನ್ ಮಕ್ಕಳಿಗಿಂತ ತಡವಾಗಿ ಏರುತ್ತದೆ ಎಂಬುದನ್ನು ಅಮೆರಿಕದ ಮೇರಿ ಕಾರ್ಸ್ಕಡನ್ ಮುಂತಾದವರು ದಶಕಗಳ ಹಿಂದೆಯೇ ತೋರಿಸಿದ್ದಾರೆ. ಹದಿಮೂರರಿಂದ ಹದಿನೆಂಟರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಅಲ್ಲಿನ ಮಕ್ಕಳ ವೈದ್ಯರ ಸಂಘ 2014ರಲ್ಲಿ ಹೈಸ್ಕೂಲುಗಳು ಎಂಟೂವರೆಗೆ ಮುಂಚೆ ಆರಂಭವಾಗಕೂಡದೆಂದು ಹೇಳಿತು. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಕಾನೂನೇ ಬಂದಿದೆ. ನಮ್ಮ ಮಗ ಹನ್ನೊಂದೂವರೆಗೆ ಮಲಗಿ ನಾಲ್ಕಕ್ಕೆ ಎದ್ದರೆ ನಾಲ್ಕೂವರೆ ಗಂಟೆ. ಗಾಢ ನಿದ್ದೆಯ ನಡುವೆ ಎಬ್ಬಿಸಿದ ಮಿದುಳು ಎಚ್ಚರಗೊಳ್ಳಲು ಮತ್ತೆ ಅರ್ಧ ಗಂಟೆ ತೆಗೆದುಕೊಳ್ಳುತ್ತದೆ. ಕಪಾಟಿನವರೆಗೆ ನಡೆದುಹೋದದ್ದು ನೆನಪಿಲ್ಲ ಎಂದಾಗ ಅವನು ಸುಳ್ಳು ಹೇಳುತ್ತಿರಲಿಲ್ಲ.

ಕರಾವಳಿಯ ನಮಗೆ ಇದರ ಮೇಲೊಂದು ಪೆಟ್ಟು. ಪಶ್ಚಿಮದಲ್ಲಿ ಸೂರ್ಯ ತಡವಾಗಿ ಮುಳುಗುವುದರಿಂದ ಮಕ್ಕಳು ತಡವಾಗಿ ಮಲಗುತ್ತಾರೆ. ಶಾಲೆಯ ಗಂಟೆ ಮಾತ್ರ ಗಡಿಯಾರದ ಲೆಕ್ಕದಲ್ಲೇ ಹೊಡೆಯುತ್ತದೆ. ಸೂರ್ಯಾಸ್ತ ಒಂದು ಗಂಟೆ ತಡವಾದರೆ ಭಾರತದ ಮಕ್ಕಳ ನಿದ್ದೆ ಸುಮಾರು ಅರ್ಧ ಗಂಟೆ ಕಡಿಮೆಯಾಗುತ್ತದೆಂದು ಮೌಲಿಕ್ ಜಗನಾನಿ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದು 2019ರಲ್ಲಿ ಸುದ್ದಿಯಾಗಿತ್ತು.

ಅಸ್ಸಾಮಿನವರ ದೂರು ಇದಕ್ಕೆ ತಿರುಗುಮುರುಗು. ಜೂನ್‌ನಲ್ಲಿ ಅಲ್ಲಿ ನಾಲ್ಕೂಕಾಲಿಗೇ ಸೂರ್ಯ ಹುಟ್ಟುತ್ತಾನೆ. ಹತ್ತಕ್ಕೆ ಕಚೇರಿ ತೆರೆಯುವಷ್ಟರಲ್ಲಿ ಅರ್ಧ ಹಗಲು ಖರ್ಚಾಗಿರುತ್ತದೆ. ಡಿಸೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಸೂರ್ಯಾಸ್ತ, ದೀಪ ಹಚ್ಚಲೇಬೇಕು. ಈಶಾನ್ಯಕ್ಕೆ ಬೇರೆ ಹೊತ್ತು ಬೇಕೆಂಬ ಬೇಡಿಕೆ ಹಳೆಯದು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದವರು 2018ರಲ್ಲಿ ದೇಶಕ್ಕೆ ಎರಡು ಹೊತ್ತಿನ ವಲಯ ಮಾಡಬಹುದೆಂದು ಬರೆದರು. ನಮ್ಮ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಸೇನ್‌ಗುಪ್ತ ಮತ್ತು ಅಹುಜಾ ಅವರ ಸಲಹೆ ಬೇರೆ. ಇಡೀ ದೇಶದ ಗಡಿಯಾರವನ್ನೇ ಅರ್ಧ ಗಂಟೆ ಮುಂದಿಟ್ಟರೆ ಸಂಜೆಯ ವಿದ್ಯುತ್ ಉಳಿಯುತ್ತದೆ ಎಂದು. ಉಳಿಯಬಹುದು. ಆದರೆ ಆಗ ಜನವರಿಯ ಮೂರನೇ ವಾರ ಕುಮಟಾದಲ್ಲಿ ಸೂರ್ಯ ಹುಟ್ಟುವುದು ಏಳೂವರೆಗೆ. ಘಟ್ಟದ ಬುಡದ ಹಳ್ಳಿಗಳಿಂದ ಮೊದಲ ಬಸ್ಸು ಹಿಡಿದು ಬರುವ ನನ್ನ ವಿದ್ಯಾರ್ಥಿಗಳು ಕತ್ತಲಲ್ಲಿ ಬ್ಯಾಟರಿ ಹಿಡಿದು ಹೊರಡಬೇಕಾದೀತು. ನನಗೇನೋ ಆ ಸಲಹೆ ಹಿಡಿಸಲಿಲ್ಲ. ಎರಡೂ ಇನ್ನೂ ಕಾಗದದ ಮೇಲೆಯೇ ಇವೆ.

ಹೊರಡುವ ಮುನ್ನಾದಿನ ಹೊಲೊಂಗಾಪಾರ್ ಕಾಡಿಗೆ ಹೋಗುವುದೆಂದು ನಿಶ್ಚಯವಾಯಿತು. ಜೋರ್ಹಾಟ್ ಜಿಲ್ಲೆಯಲ್ಲಿ, ಸುತ್ತ ಚಹಾ ತೋಟಗಳ ನಡುವೆ ದ್ವೀಪದಂತೆ ಉಳಿದ, ಸುಮಾರು 21 ಚದರ ಕಿಲೋಮೀಟರಿನ ಅಭಯಾರಣ್ಯ. ಭಾರತದ ಏಕೈಕ ವಾನರ, ಬಾಲವಿಲ್ಲದ ಹೂಲಕ್ ಗಿಬ್ಬನ್ ಅಲ್ಲಿದೆ. ಗಂಡು ಕಪ್ಪು, ಬಿಳಿಯ ಹುಬ್ಬು. ಹೆಣ್ಣು ಕಂದು. ಬೆಳಿಗ್ಗೆಯೇ ಅವು ಕೂಗುವುದು ಹೆಚ್ಚು. “ಬರೋದಾದರೆ ನಾಲ್ಕೂಮುಕ್ಕಾಲಿಗೆ ಜೀಪು. ಬಗಾನ್ ಟೈಂ ಅಲ್ಲ, ನಿಮ್ಮ ಟೈಂ” ಎಂದು ಶಿಷ್ಯ ನಕ್ಕ. ಮಗ ನನ್ನತ್ತ ನೋಡಿದ. ನಾನು ಏನೂ ಹೇಳಲಿಲ್ಲ.

ಬೆಳಗಿನ ಜಾವ ನನಗೆ ಎಚ್ಚರವಾದಾಗ ನಾಲ್ಕೂ ಇಪ್ಪತ್ತು. ಅವನ ಮಂಚ ಖಾಲಿ. ಗಾಬರಿಯಿಂದ ಹೊರಗೆ ಬಂದರೆ ವೆರಾಂಡದ ಮೆಟ್ಟಿಲ ಮೇಲೆ ಕುಳಿತು ಬೂಟಿನ ದಾರ ಕಟ್ಟುತ್ತಿದ್ದ. ಅಲಾರಂ ಇರಲಿಲ್ಲ. ಹೀಗಾಗುವುದುಂಟು. ಜರ್ಮನಿಯ ಯಾನ್ ಬಾರ್ನ್ ಎಂಬವರು 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆರಕ್ಕೆ ಎಬ್ಬಿಸುತ್ತೇವೆಂದು ಹೇಳಿ ಮಲಗಿಸಿದವರ ರಕ್ತದಲ್ಲಿ ಒಂದು ಗಂಟೆ ಮೊದಲಿನಿಂದಲೇ ಎಚ್ಚರಕ್ಕೆ ಅಣಿಮಾಡುವ ಹಾರ್ಮೋನು ಏರತೊಡಗಿತ್ತು. ನಿದ್ದೆಯಲ್ಲೂ ಮಿದುಳು ಹೊತ್ತು ಎಣಿಸುತ್ತಿರುತ್ತದೆ. ಜಾತ್ರೆಯ ದಿನ, ಪ್ರವಾಸದ ದಿನ ಮಕ್ಕಳು ಯಾರೂ ಕರೆಯದೆ ಏಳುವುದನ್ನು ನೋಡಿಲ್ಲವೇ?

ಕಾಡಿನೊಳಗೆ ಅರಣ್ಯ ಕಾವಲುಗಾರನ ಹಿಂದೆ ನಡೆದೆವು. ಹೊಲೊಂಗ್ ಮರಗಳ ಬೊಡ್ಡೆ ಕಂಬದಂತೆ ನೆಟ್ಟಗೆ, ತಲೆಯೆತ್ತಿದರೆ ಟೊಪ್ಪಿ ಬೀಳುವಷ್ಟು ಎತ್ತರ. ಜಿಗಣೆಗಳ ಕಾಟ ನಮ್ಮ ಘಟ್ಟದಂತೆಯೇ. ಒಂದು ತಾಸು ಏನೂ ಇಲ್ಲ. ಆಮೇಲೆ ಬಲಗಡೆ ಎಲ್ಲೋ ದೂರದಲ್ಲಿ ‘ಹೂ... ಕೂ’ ಎಂದು ಒಂದು ದನಿ. ಅದಕ್ಕೆ ಇನ್ನೊಂದು ಸೇರಿತು. ಎರಡೂ ಏರುತ್ತ ಏರುತ್ತ ಇಡೀ ಕಾಡು ಕೂಗಿದಂತಾಯಿತು. ನಮ್ಮ ತಲೆಯ ಮೇಲೆಯೇ ಕಪ್ಪನೆಯದೊಂದು ಉದ್ದ ತೋಳಿನಿಂದ ಕೊಂಬೆಯಿಂದ ಕೊಂಬೆಗೆ ತೂಗಿಕೊಂಡು ಹೋಯಿತು, ಹಿಂದೆ ಕಂದು ಬಣ್ಣದ್ದು, ಅದರ ಹೊಟ್ಟೆಗೆ ಅಂಟಿಕೊಂಡ ಮರಿ. ಮಗ ನನ್ನ ತೋಳು ಹಿಡಿದುಕೊಂಡ. ಕೂಗು ನಿಂತ ಮೇಲೂ ಬಿಡಲಿಲ್ಲ.

ವಾಪಸು ಬರುವಾಗ ಜೀಪಿನಲ್ಲಿ ಬಾವಲಿಗಳ ಕಥೆ ಹೇಳಿದೆ. ಮದುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿದ್ದು, ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದ ಎಂ.ಕೆ. ಚಂದ್ರಶೇಖರನ್ ಮತ್ತು ಅವರ ಜೊತೆಗಾರರು, ಹಗಲು ರಾತ್ರಿ ತಿಳಿಯದ ಗುಹೆಯ ಕತ್ತಲಲ್ಲಿ ಬಾವಲಿಯೊಂದನ್ನು ಪಂಜರದಲ್ಲಿಟ್ಟು ನೋಡಿದ್ದರು. ಸುತ್ತ ಬೇರೆ ಬಾವಲಿಗಳು ಹಾರಾಡಿಕೊಂಡಿದ್ದರೆ ಅದೂ ಅವುಗಳ ಹೊತ್ತಿಗೇ ಚುರುಕಾಗುತ್ತಿತ್ತು. ಒಂಟಿಯಾಗಿಟ್ಟರೆ ತನ್ನದೇ ಗಡಿಯಾರದಂತೆ ದಿನ ದಿನಕ್ಕೆ ಸರಿದುಹೋಗುತ್ತಿತ್ತು. “ಅಂದರೆ ಅಡಿಗೆಮನೆ ಸದ್ದು ಕೇಳಿ ಏಳೋದು” ಎಂದಳು ನನ್ನ ಹೆಂಡತಿ. 1981ರಲ್ಲಿ ಪ್ರಕಟವಾದ ಸಂಶೋಧನೆಯನ್ನು ಅಷ್ಟು ಚಿಕ್ಕದಾಗಿ ಹೇಳಲು ನನಗೆ ಬರುತ್ತಿರಲಿಲ್ಲ.

ಮರಳುವ ರೈಲಿನಲ್ಲಿ ಮಗ ಕೆಳಗಿನ ಬರ್ತಿನಲ್ಲೇ ಕುಳಿತಿದ್ದ. ಡೈರಿ ತೆಗೆದು ಅವನಿಗೆ ಒಂದು ಲೆಕ್ಕ ತೋರಿಸಿದೆ. ಫೆಬ್ರವರಿಯಲ್ಲಿ ಕುಮಟಾದ ಸೂರ್ಯೋದಯ ಏಳಕ್ಕೆ ಮೂರು ನಿಮಿಷವಿದ್ದಾಗ. ನಾವು ರೇಖೆಯಿಂದ ಪಶ್ಚಿಮಕ್ಕಿರುವುದಕ್ಕೆ 32 ನಿಮಿಷ. ಆ ತಿಂಗಳು ಸೂರ್ಯ ಗಡಿಯಾರಕ್ಕಿಂತ ಹಿಂದಿರುವುದಕ್ಕೆ ಮತ್ತೆ 14. ಅಂದರೆ ನಾನು ತಂಬಿಗೆ ಹಿಡಿದು ನಿಲ್ಲುತ್ತಿದ್ದ ನಾಲ್ಕು ಗಂಟೆ, ಸೂರ್ಯನ ಲೆಕ್ಕದಲ್ಲಿ ಮೂರೂಕಾಲು. ಬ್ರಾಹ್ಮೀ ಮುಹೂರ್ತ ಕೂಡ ಅಲ್ಲ. ಅದು ಆರಂಭವಾಗುವುದು ಸೂರ್ಯೋದಯಕ್ಕೆ 96 ನಿಮಿಷ ಮೊದಲು. ಆ ದಿನಗಳಲ್ಲಿ ನಮ್ಮೂರಿಗೆ ಐದೂ ಇಪ್ಪತ್ತರ ಮೇಲೆ. ಇಪ್ಪತ್ತೈದು ವರ್ಷ ನಾನು ಪ್ರಾರ್ಥನೆಯಲ್ಲಿ ಹೇಳಿದ್ದು ಶಾಸ್ತ್ರಕ್ಕೂ ಸರಿಯಲ್ಲ, ವಿಜ್ಞಾನಕ್ಕೂ ಸರಿಯಲ್ಲ.

ಮಗ ಎರಡು ಸಲ ಕೂಡಿಸಿ ಕಳೆದು ನೋಡಿದ. “ಲೆಕ್ಕ ಸರಿ ಇದೆ” ಎಂದ. ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿ, “ಇದನ್ನ ಫೆಬ್ರವರಿಯಲ್ಲೇ ಹಾಕಬಹುದಿತ್ತಲ್ಲ ಅಪ್ಪಾ” ಎಂದ.

“ಹಾಕಬಹುದಿತ್ತು” ಎಂದೆ. “ತಪ್ಪಾಯ್ತು.”

ಊರಿಗೆ ಬಂದ ಮೇಲೆ ನಾಲ್ಕೈದು ದಿನ ಅವನು ಐದೂವರೆಗೆ ತಾನಾಗಿಯೇ ಎದ್ದು ಕತ್ತಲಲ್ಲಿ ಅಂಗಳಕ್ಕೆ ಬಂದು ನಿಲ್ಲುತ್ತಿದ್ದ. ಬಚ್ಚಲ ಒಲೆಗೆ ಬೆಂಕಿ ಹಾಕುವ ಅಮ್ಮನಿಗೆ ಜೊತೆಯಾಯಿತು. ಆಮೇಲೆ ಮೆಲ್ಲನೆ ಆರು, ಆರೂವರೆ, ಆರೂಮುಕ್ಕಾಲು. ಅಲ್ಲಿ ನಿಂತಿತು. ರಾತ್ರಿ ಹತ್ತಕ್ಕೆ ಮೊಬೈಲುಗಳು, ನನ್ನದೂ ಸೇರಿ, ದೇವರ ಕೋಣೆಯ ಕಪಾಟಿನಲ್ಲಿ ಮಲಗುವುದೆಂದು ಒಪ್ಪಂದವಾಯಿತು. ಆ ಒಪ್ಪಂದವನ್ನು ಮೊದಲು ಮುರಿದವನು ನಾನು, ಕ್ರಿಕೆಟ್ ನೋಡಲು. ಶಾಲೆಯಲ್ಲಿ ಪ್ರಾರ್ಥನೆಗೆ ತಡವಾದವರನ್ನು ಈಗ ನಾನು ಹೊರಗೆ ನಿಲ್ಲಿಸುವುದಿಲ್ಲ. ರಾತ್ರಿ ಎಷ್ಟಕ್ಕೆ ಮಲಗಿದೆ ಎಂದು ಕೇಳುತ್ತೇನೆ. ಕೆಲವು ಉತ್ತರಗಳನ್ನು ಕೇಳಿ ಅವರ ತಾಯಿತಂದೆಯರನ್ನು ಕರೆಸಿ ಮಾತಾಡಿದ್ದೂ ಇದೆ.

ಟೈಂಪೀಸು ಈಗ ಅಡಿಗೆಮನೆಯಲ್ಲಿದೆ, ಇಡ್ಲಿ ಬೇಯುವ ಹೊತ್ತು ನೋಡಲು. ಮಗ ಧಾರವಾಡದ ಹಾಸ್ಟೆಲಿನಲ್ಲಿದ್ದಾನೆ. ಬೆಳಿಗ್ಗೆ ಎಷ್ಟಕ್ಕೆ ಏಳುತ್ತಾನೆಂದು ನಾನು ಕೇಳಿಲ್ಲ. ಅವನಮ್ಮ ಏಳು ಗಂಟೆಗೆ ಫೋನು ಮಾಡುತ್ತಾಳೆ. “ಎದ್ದಿದ್ದೇನೆ ಆಯಿ” ಎನ್ನುವ ಆ ದನಿ ಹೊದಿಕೆಯೊಳಗಿನಿಂದಲೇ ಬರುತ್ತಿರುವುದು ನನಗೆ ಇಲ್ಲಿಗೇ ಕೇಳುತ್ತದೆ.